ಗ್ರಿಪ್ಪೂ ಬೇಕು, ಬಾಳಿಕೆಯೂ ಬೇಕು: ಸ್ಪೋರ್ಟ್ ಟೂರಿಂಗ್ ಟೈರ್ ಆರಿಸುವುದು ಹೇಗೆ?

ಪ್ರಶ್ನೆ: ನನ್ನದು ನಾಲ್ಕು ಸಿಲಿಂಡರಿನ 1000 ಸಿಸಿ ಬೈಕ್, ತೂಕ ಸುಮಾರು 235 ಕೆ.ಜಿ. ಮುಂದೆ 120/70, ಹಿಂದೆ 180/55, ಎರಡೂ 17 ಇಂಚಿನ ಚಕ್ರ. ವಾರದ ಐದು ದಿನ ಹೆದ್ದಾರಿಯಲ್ಲಿ ದಿನಕ್ಕೆ 70 ಕಿ.ಮೀ. ಓಡಾಟ. ತಿಂಗಳಿಗೆ ಎರಡು ಸಲ ಬೆಟ್ಟದ ತಿರುವು ರಸ್ತೆ. ವರ್ಷಕ್ಕೆ ಒಂದೆರಡು ಸಲ ಹೆಂಡತಿ ಜೊತೆ, ಲಗೇಜು ಕಟ್ಟಿಕೊಂಡು ದೂರದ ಪ್ರಯಾಣ. ಕಳೆದ ಸಲ ಆಸೆಪಟ್ಟು, ಜೋರು ಓಟಕ್ಕೆ ಅಂತ ಮಾಡಿದ ಹೈಪರ್‌ಸ್ಪೋರ್ಟ್ ಟೈರ್ ಹಾಕಿಸಿದೆ. 6,500 ಕಿ.ಮೀ.ಗೆ ಹಿಂದಿನದು ನಡುವೆ ಚಪ್ಪಟೆಯಾಯಿತು. ಮುಂದಿನದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸವೆದಿದೆ. ಒಂದು ದಿನ ಬೆಳಗ್ಗೆ ಮಳೆಯಲ್ಲಿ ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ಹಿಂದಿನ ಚಕ್ರ ಜಾರಿ, ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಗೆಳೆಯರು ತಿರುವಿಗೂ ದೂರದ ಓಟಕ್ಕೂ ಹೊಂದುವ ಸ್ಪೋರ್ಟ್ ಟೂರಿಂಗ್ ಹಾಕಿಸು ಅಂತಾರೆ. ಆದರೆ ಜಾಸ್ತಿ ಬಾಳುವ ಟೈರ್ ಅಂದ್ರೆ ಗಟ್ಟಿ, ಗಟ್ಟಿ ಅಂದ್ರೆ ಇನ್ನೂ ಜಾರುತ್ತದೆ ಅಲ್ವಾ? ಮುಂದೆ ಹೈಪರ್‌ಸ್ಪೋರ್ಟ್ ಇಟ್ಟು ಹಿಂದೆ ಮಾತ್ರ ಬದಲಾಯಿಸಬಹುದಾ ಸರ್? ಯಾವ ಕಂಪನಿಯದು ಒಳ್ಳೆಯದು?

ಉತ್ತರ: ಆ ಹಳೆಯ ಟೈರುಗಳನ್ನು ಇನ್ನೂ ಬಿಸಾಡಿಲ್ಲ ಅಂದುಕೊಂಡಿದ್ದೇನೆ. ಬಿಸಾಡಬೇಡಿ. ನಿಮಗೆ ಯಾವ ಟೈರ್ ಬೇಕು ಅನ್ನುವುದನ್ನು ನನಗಿಂತ, ನಿಮ್ಮ ಗೆಳೆಯರಿಗಿಂತ ಚೆನ್ನಾಗಿ ಹೇಳುವುದು ಅವೇ. ಇಪ್ಪತ್ತು ವರ್ಷಕ್ಕೂ ಮೇಲೆ ಬೈಕಿನ ಟೈರ್ ಬಿಚ್ಚಿ ಹಾಕುವ ಕೆಲಸ ಮಾಡಿದ್ದೇನೆ. ಸವೆದ ಟೈರ್ ಒಂದನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿದರೆ, ಅದರ ಸವಾರ ಎಂಥ ರಸ್ತೆಯಲ್ಲಿ ಓಡಿಸುತ್ತಾನೆ, ಗಾಳಿ ಸರಿಯಾಗಿ ಇಟ್ಟಿದ್ದನೋ ಇಲ್ಲವೋ ಅನ್ನುವುದು ಬಹಳ ಮಟ್ಟಿಗೆ ಗೊತ್ತಾಗುತ್ತದೆ. ಹೊಸ ಟೈರಿನ ಹೊಳೆಯುವ ಚಿತ್ರ ನೋಡುವ ಮೊದಲು ಹಳೆಯದನ್ನು ಓದಬೇಕು.

ಹಾಗಾದರೆ ಓದೋಣ. ಟ್ರೆಡ್ಡಿನ, ಅಂದರೆ ಟೈರಿನ ಮೈಮೇಲಿನ ಗೆರೆಗಳ, ಆಳ ಅಳೆಯುವ ಗೇಜ್ ಒಂದು ತನ್ನಿ. ಚಿಕ್ಕ ಸಾಧನ, ಸುಲಭವಾಗಿ ಸಿಗುತ್ತದೆ. ಹಿಂದಿನ ಟೈರಿನಲ್ಲಿ ಮೂರು ಕಡೆ ಅಳೆಯಿರಿ: ನಟ್ಟನಡುವೆ, ಅಂಚಿನ ಹತ್ತಿರ, ಇವೆರಡರ ಮಧ್ಯೆ. ನೀವು ಬರೆದ ಲಕ್ಷಣ ನೋಡಿದರೆ ನಡುವೆ ಒಂದೂವರೆ ಮಿ.ಮೀ. ಉಳಿದಿರಬಹುದು, ಅಂಚಿನಲ್ಲಿ ಹೊಸದರ ಹಾಗೇ ಇರಬಹುದು. ಉದಾಹರಣೆಗೆ ಆರು ಮಿ.ಮೀ. ಇದ್ದದ್ದು ಒಂದೂವರೆಗೆ ಇಳಿದಿದ್ದರೆ, 6,500 ಕಿ.ಮೀ.ಗೆ ನಾಲ್ಕೂವರೆ ಮಿ.ಮೀ. ಹೋಯಿತು. ಅಂದರೆ ಪ್ರತಿ ಸಾವಿರ ಕಿ.ಮೀ.ಗೆ ಸುಮಾರು 0.7 ಮಿ.ಮೀ. ಈ ಒಂದು ಅಂಕಿ ಬರೆದಿಟ್ಟುಕೊಳ್ಳಿ. ಹೊಸ ಟೈರ್ ಹಾಕಿದ ಮೇಲೆ ಎರಡು ಸಾವಿರ ಕಿ.ಮೀ.ಗೇ ಮತ್ತೆ ಅಳೆದರೆ, ಅದು ಎಷ್ಟು ದೂರ ಬರುತ್ತದೆ ಅಂತ ನಿಮಗೇ ಅಂದಾಜು ಸಿಗುತ್ತದೆ. ಬೇರೆಯವರು ಹೇಳುವ ಕಿಲೋಮೀಟರ್ ಲೆಕ್ಕ ಅವರ ಬೈಕಿಗೆ, ಅವರ ರಸ್ತೆಗೆ, ಅವರ ಬಲಗೈಗೆ ಸಂಬಂಧಪಟ್ಟದ್ದು.

ನಡುವೆ ಚಪ್ಪಟೆ, ಅಂಚು ಹಾಗೇ ಇದೆ. ಇದರ ಅರ್ಥ ಏನು? ನೀವು ಕೊಂಡ ರಬ್ಬರಿನ ಅರ್ಧಕ್ಕಿಂತ ಜಾಸ್ತಿ ಕೆಲಸಕ್ಕೇ ಬರಲಿಲ್ಲ. ನೇರ ಓಡುವಾಗ ರಸ್ತೆಗೆ ತಾಗುವುದು ನಡುವಿನ ಕಿರಿದಾದ ಪಟ್ಟಿ ಮಾತ್ರ. ನಿಮ್ಮ ದಿನದ 70 ಕಿ.ಮೀ. ಅಷ್ಟನ್ನೂ ತಿಂದದ್ದು ಆ ಪಟ್ಟಿಯೇ. ಆದರೆ ಗ್ರಿಪ್ಪು ನಿಮಗೆ ಕೈಕೊಟ್ಟದ್ದು ಎಲ್ಲಿ? ಬೈಕ್ ವಾಲಿದಾಗ, ತಣ್ಣಗಿನ ಬೆಳಗಿನಲ್ಲಿ, ನೀರಿನ ಮೇಲೆ. ಬಾಳಿಕೆ ಬೇಕಾದ ಜಾಗ ಒಂದು, ಗ್ರಿಪ್ ಬೇಕಾದ ಜಾಗ ಇನ್ನೊಂದು. ಇದು ಮನಸ್ಸಿಗೆ ಬಂದರೆ ನಿಮ್ಮ ಭಯ ಅರ್ಧ ಕರಗುತ್ತದೆ. ಗ್ರಿಪ್ಪನ್ನೂ ಬಾಳಿಕೆಯನ್ನೂ ಒಂದೇ ತಕ್ಕಡಿಯ ಎರಡು ತಟ್ಟೆಗಳು ಅಂತ ನಾವು ಭಾವಿಸುತ್ತೇವೆ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಅಂತ. ರೇಸ್ ಟ್ರ್ಯಾಕಿನಲ್ಲಿ ಅದು ಬಹುಪಾಲು ನಿಜ. ನೀವು ಓಡಿಸುವ ರೀತಿಗೆ ಅಲ್ಲ.

ಈಗ ಆ ಜಾರಿದ ಬೆಳಗಿನ ವಿಷಯ. ರಬ್ಬರು ರಸ್ತೆಯನ್ನು ಹಿಡಿಯುವುದು ಎರಡು ಬಗೆಯಲ್ಲಿ. ಒಂದು, ಅಂಟುವುದು. ಒಣಗಿದ, ಶುಚಿಯಾದ ಡಾಂಬರಿಗೆ ರಬ್ಬರು ಒತ್ತಿ ಕೂತಾಗ ಎರಡರ ಅಣುಗಳ ನಡುವೆ ಸೆಳೆತ ಇರುತ್ತದೆ. ಇನ್ನೊಂದು, ಒತ್ತಿಕೊಳ್ಳುವುದು. ಡಾಂಬರಿನ ಜಲ್ಲಿಕಲ್ಲಿನ ಸಣ್ಣ ಸಣ್ಣ ಉಬ್ಬುಗಳ ಸುತ್ತ ರಬ್ಬರು ತಗ್ಗಿ, ಉಬ್ಬಿ, ಕಲ್ಲನ್ನು ಹಿಡಿದುಕೊಂಡು ಸಾಗುತ್ತದೆ. ಹಾಗೆ ತಗ್ಗಿದ ರಬ್ಬರು ತಕ್ಷಣ ಪುಟಿದು ಹಿಂದಕ್ಕೆ ಬರುವುದಿಲ್ಲ, ಸ್ವಲ್ಪ ತಡೆದು ಬರುತ್ತದೆ. ಆ ತಡೆಯೇ ಗ್ರಿಪ್. ನೀರು ಬಂದ ಕೂಡಲೇ ಮೊದಲನೆಯ ಬಗೆ ಬಹುಪಾಲು ಹೋಗುತ್ತದೆ, ಯಾಕೆಂದರೆ ನಡುವೆ ನೀರಿನ ಪೊರೆ ಇದೆ. ಉಳಿಯುವುದು ಎರಡನೆಯದು. ಅದು ನಡೆಯಬೇಕಾದರೆ ರಬ್ಬರು ಮೆತ್ತಗಿರಬೇಕು. ಅಂದರೆ ಅದಕ್ಕೆ ಹೊಂದುವ ಬಿಸಿ ಇರಬೇಕು.

ಹೈಪರ್‌ಸ್ಪೋರ್ಟ್ ಟೈರನ್ನು ಜಾಸ್ತಿ ಬಿಸಿಗೆ ಅಂತಲೇ ಮಾಡಿರುತ್ತಾರೆ. ವೇಗವಾಗಿ ಬಂದು ಜೋರಾಗಿ ಬ್ರೇಕ್ ಹಾಕಿ, ಆಳವಾಗಿ ವಾಲಿಸಿ, ಮತ್ತೆ ಜೋರಾಗಿ ಎಳೆದಾಗ ಅದರ ರಬ್ಬರು ಕಾದು ಅದ್ಭುತವಾಗಿ ಹಿಡಿಯುತ್ತದೆ. ನೀವು ಅದನ್ನು ಬೆಳಗಿನ ತಂಪಿನಲ್ಲಿ, ಹೆದ್ದಾರಿಯಲ್ಲಿ ನೇರ ಓಡಿಸಿದಿರಿ. ಸವಾರರು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ ಇಲ್ಲಿದೆ. ಅರ್ಧ ಗಂಟೆ ನೇರ ಓಡಿಸಿದರೆ ಟೈರ್ ಬಿಸಿಯಾಗಿದೆ ಅಂದುಕೊಳ್ಳುತ್ತೇವೆ. ಬಿಸಿಯಾಗಿರುವುದು ಮುಖ್ಯವಾಗಿ ನಡುಪಟ್ಟಿ. ಹೆಗಲು, ಅಂದರೆ ವಾಲಿದಾಗ ನೆಲ ಮುಟ್ಟುವ ಭಾಗ, ಗಾಳಿಗೆ, ಮಳೆಗೆ ಮೈಯೊಡ್ಡಿ ತಣ್ಣಗೇ ಇರುತ್ತದೆ. ಹೆದ್ದಾರಿಯಿಂದ ಇಳಿಯುವ ಮೊದಲ ತಿರುವಿನಲ್ಲಿ ನೀವು ನಂಬಿದ್ದು ಆ ತಣ್ಣಗಿನ ಹೆಗಲನ್ನು. ಅದರ ಜೊತೆ ಚಪ್ಪಟೆಯಾದ ನಡು. ಚಪ್ಪಟೆಯಾದ ಟೈರು ನೇರದಿಂದ ವಾಲುವಾಗ ಒಂದು ಏಣು ದಾಟಬೇಕಾಗುತ್ತದೆ. ಮೊದಲು ವಾಲಲು ಒಲ್ಲೆ ಅನ್ನುತ್ತದೆ, ಆಮೇಲೆ ಒಮ್ಮೆಗೇ ಬಿದ್ದಹಾಗೆ ವಾಲುತ್ತದೆ. ಆ ಹೊತ್ತಿನಲ್ಲಿ ಆಕ್ಸಿಲರೇಟರ್ ಒಂಚೂರು ಜಾಸ್ತಿ ತಿರುಗಿದರೆ ಸಾಕು. ಟೈರ್ ಕೆಟ್ಟದ್ದು ಅಂತಲ್ಲ. ಅದು ಕೇಳುವ ಬಿಸಿ ನಿಮ್ಮ ದಿನದ ದಾರಿಯಲ್ಲಿ ಸಿಗುವುದೇ ಇಲ್ಲ.

ಸ್ಪೋರ್ಟ್ ಟೂರಿಂಗ್ ಟೈರ್ ಕಡಿಮೆ ಬಿಸಿಯಲ್ಲೇ ಕೆಲಸ ಶುರು ಮಾಡುತ್ತದೆ. ತಂಪಿನಲ್ಲಿ, ಮಳೆಯಲ್ಲಿ, ಮನೆಯಿಂದ ಹೊರಟ ಮೊದಲ ಕೆಲವು ಕಿಲೋಮೀಟರಿನಲ್ಲಿ ಅದು ಹೈಪರ್‌ಸ್ಪೋರ್ಟಿಗಿಂತ ಚೆನ್ನಾಗಿ ಹಿಡಿಯುತ್ತದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ "ಗ್ರಿಪ್ ಕಡಿಮೆಯಾದರೂ ಪರವಾಗಿಲ್ಲ, ಬಾಳಿಕೆ ಬರಲಿ" ಅಂತ ಬೇಸರದಿಂದ ಸ್ಪೋರ್ಟ್ ಟೂರಿಂಗ್ ಹಾಕಿಸುವವರನ್ನು ಬಹಳ ಸಲ ನೋಡಿದ್ದೇನೆ. ನಿಮ್ಮಂಥ ಬಳಕೆಗೆ ಅದು ಜಾಸ್ತಿ ಗ್ರಿಪ್ಪಿನ ಟೈರ್.

ಜಾಸ್ತಿ ಬಾಳುವ ರಬ್ಬರು ಮಳೆಯಲ್ಲಿ ಹೇಗೆ ಹಿಡಿಯುತ್ತದೆ ಅನ್ನುವ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಹಿಂದಿನ ಕಾಲದಲ್ಲಿ ನಿಮ್ಮ ಭಯ ಸರಿಯಾಗಿಯೇ ಇತ್ತು. ಆಗ ರಬ್ಬರಿಗೆ ಬಲ ಬರಲು ಸೇರಿಸುತ್ತಿದ್ದದ್ದು ಕಾರ್ಬನ್ ಬ್ಲ್ಯಾಕ್, ಅಂದರೆ ನುಣ್ಣನೆಯ ಮಸಿ. ಟೈರ್ ಕಪ್ಪಗಿರುವುದು ಅದರಿಂದಲೇ. ಬಾಳಿಕೆ ಬೇಕು ಅಂತ ಮಿಶ್ರಣವನ್ನು ಗಟ್ಟಿ ಮಾಡಿದರೆ ತಂಪಿನಲ್ಲಿ ಅದು ಕಲ್ಲಿನಂತಾಗುತ್ತಿತ್ತು. 1990ರ ದಶಕದಲ್ಲಿ ಸಿಲಿಕಾ ಬಳಕೆಗೆ ಬಂತು, ಮೊದಲು ಕಾರಿಗೆ, ಆಮೇಲೆ ಬೈಕಿಗೆ. ಸಿಲಿಕಾ ಅಂದರೆ ಮರಳಿನಲ್ಲಿರುವ ವಸ್ತುವೇ, ಆದರೆ ಅತಿ ನುಣುಪಾದ ಪುಡಿ. ಅದು ರಬ್ಬರಿನ ಜೊತೆ ಸುಲಭವಾಗಿ ಬೆರೆಯುವುದಿಲ್ಲ. ಸಿಲೇನ್ ಅನ್ನುವ ರಾಸಾಯನಿಕ ಎರಡನ್ನೂ ಬೆಸೆಯುತ್ತದೆ. ಹೀಗೆ ಮಾಡಿದ ರಬ್ಬರು ತಂಪಿನಲ್ಲೂ ಮೆತ್ತಗಿರುತ್ತದೆ, ಒದ್ದೆ ರಸ್ತೆಯ ಉಬ್ಬುಗಳ ಮೇಲೆ ಚೆನ್ನಾಗಿ ಒತ್ತಿಕೊಳ್ಳುತ್ತದೆ, ಆದರೆ ಉರುಳುವಾಗ ಸುಮ್ನೆ ಬಿಸಿ ಹುಟ್ಟಿಸುವುದಿಲ್ಲ. ಬಿಸಿ ಕಡಿಮೆಯಾದರೆ ಸವೆತವೂ ಹದದಲ್ಲಿರುತ್ತದೆ. ಆದ್ದರಿಂದ ಇವತ್ತು ಒಳ್ಳೆಯ ಸ್ಪೋರ್ಟ್ ಟೂರಿಂಗ್ ಟೈರನ್ನು ಉಗುರಿನಿಂದ ಒತ್ತಿ ನೋಡಿ ಮೆತ್ತಗೋ ಗಟ್ಟಿಯೋ ಅಂತ ತೀರ್ಮಾನ ಮಾಡಬಾರದು. ಉಗುರಿಗೆ ಸಿಗುವ ಮೆತ್ತನೆಗೂ ಮಳೆಯಲ್ಲಿ ಸಿಗುವ ಗ್ರಿಪ್ಪಿಗೂ ನೇರ ಸಂಬಂಧ ಇಲ್ಲ.

ಎರಡನೆಯ ಉಪಾಯ ಇನ್ನೂ ಸರಳ. ನಡುವೆ ಒಂದು ರಬ್ಬರು, ಹೆಗಲಿಗೆ ಇನ್ನೊಂದು. ಡ್ಯುಯಲ್ ಕಾಂಪೌಂಡ್ ಅನ್ನುವುದು ಇದನ್ನೇ. ನಡುಪಟ್ಟಿ ಗಟ್ಟಿ, ಹೆದ್ದಾರಿಗೆ. ಎರಡೂ ಹೆಗಲು ಮೆತ್ತಗೆ, ತಿರುವಿಗೆ. ಕೆಲವು ತಯಾರಕರು ಹೆಗಲಿನ ಮೆತ್ತನೆಯ ರಬ್ಬರಿನ ಕೆಳಗೆ ಗಟ್ಟಿ ರಬ್ಬರಿನ ಹಾಸು ಇಡುತ್ತಾರೆ, ವಾಲಿಸಿ ಎಳೆದಾಗ ಬಟನ್ನುಗಳು, ಅಂದರೆ ಗೆರೆಗಳ ನಡುವಿನ ರಬ್ಬರಿನ ತುಂಡುಗಳು, ಮುರುಟಬಾರದು ಅಂತ. ಕಾಂಟಿನೆಂಟಲ್ ಬೇರೆ ದಾರಿ ಹಿಡಿದಿದೆ. ಒಂದೇ ರಬ್ಬರನ್ನು ಹಾಕಿ, ಬೇಯಿಸುವಾಗ ನಡುವಿಗೆ ಒಂದು ಬಿಸಿ, ಅಂಚಿಗೆ ಇನ್ನೊಂದು ಬಿಸಿ ಕೊಟ್ಟು ಗಟ್ಟಿಯಿಂದ ಮೆತ್ತಗೆ ಮೆಲ್ಲಗೆ ಬದಲಾಗುವಂತೆ ಮಾಡುತ್ತದೆ. ಎರಡೂ ದಾರಿ ಕೆಲಸ ಮಾಡುತ್ತವೆ. ನಿಮ್ಮ ಹಳೆಯ ಟೈರಿನ ಸವೆತ ಕೇಳುತ್ತಿರುವುದು ಇಂಥದ್ದನ್ನೇ.

ಇನ್ನು ಕಂಪನಿ ಯಾವುದು ಅಂತ ಕೇಳಿದ್ದೀರಿ. ಈ ವರ್ಗದಲ್ಲಿ ಮಿಶೆಲಿನ್ ರೋಡ್ 6, ಪಿರೆಲ್ಲಿ ಏಂಜೆಲ್ ಜಿಟಿ 2, ಮೆಟ್ಜೆಲರ್ ರೋಡ್‌ಟೆಕ್, ಬ್ರಿಡ್ಜ್‌ಸ್ಟೋನ್ ಬ್ಯಾಟ್ಲಾಕ್ಸ್ ಟಿ32, ಡನ್‌ಲಪ್ ರೋಡ್‌ಸ್ಮಾರ್ಟ್ 4, ಕಾಂಟಿನೆಂಟಲ್ ರೋಡ್‌ಅಟ್ಯಾಕ್ 4 ಇವೆ. ಇವುಗಳಲ್ಲಿ ಕೆಟ್ಟದ್ದು ಒಂದೂ ಇಲ್ಲ. ಒಂದರಿಂದ ಇನ್ನೊಂದಕ್ಕೆ ಇರುವ ವ್ಯತ್ಯಾಸಕ್ಕಿಂತ ಗಾಳಿ ಸರಿಯಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಆದರೂ ಸ್ವಭಾವ ಬೇರೆ ಬೇರೆ. ಮಿಶೆಲಿನ್ನಿನ ರೋಡ್ ಸಾಲು ಮೊದಲಿನಿಂದ ಮಳೆಯ ಮೇಲೆ ಕಣ್ಣಿಟ್ಟದ್ದು. 2018ರ ರೋಡ್ 5ರಲ್ಲಿ ಟ್ರೆಡ್ಡಿನ ಸಣ್ಣ ಸೀಳುಗಳು ಮೇಲೆ ಕಿರಿದಾಗಿ, ಒಳಗೆ ಅಗಲವಾಗಿದ್ದವು. ಟೈರ್ ಸವೆದಂತೆ ಸೀಳು ಅಗಲವಾಗುತ್ತಾ, ನೀರು ಹೋಗಲು ಜಾಗ ಉಳಿಯುತ್ತದೆ. ಸವೆದ ಟೈರಿನ ಮಳೆಗಾಲದ ಚಿಂತೆ ಮಾಡಿದ ಈ ಯೋಚನೆ ನನಗೆ ಬಹಳ ಇಷ್ಟ. 2022ರಲ್ಲಿ ರೋಡ್ 6 ಅದೇ ದಾರಿಯಲ್ಲಿ ಬಂತು. 2019ರ ಏಂಜೆಲ್ ಜಿಟಿ 2ರ ನಡುವೆ ಉದ್ದಕ್ಕೆ ಎರಡು ಗೆರೆಗಳಿವೆ, ನೀರು ಅಲ್ಲಿಂದ ಹರಿಯುತ್ತದೆ. ತಿರುವಿಗೆ ಇಳಿಯುವಾಗ ಅದು ಸ್ಪೋರ್ಟ್ ಟೈರಿನ ಕಡೆಗೆ ವಾಲಿದ ಸ್ವಭಾವದ್ದು. ಡನ್‌ಲಪ್ ರೋಡ್‌ಸ್ಮಾರ್ಟ್ ಸಾಲಿಗೆ ಸವಾರರಲ್ಲಿ ಬಾಳಿಕೆಯ ಹೆಸರಿದೆ.

ನನ್ನ ಆಯ್ಕೆ ಕೇಳಿದರೆ, ಮಳೆಯಲ್ಲಿ ಒಮ್ಮೆ ಹೆದರಿದ ನಿಮಗೆ ರೋಡ್ 6 ಹೇಳುತ್ತೇನೆ. ಆ ಬೆಳಗ್ಗೆ ಕಳೆದುಹೋದ ನಂಬಿಕೆ ನಿಮಗೆ ಮೊದಲು ಮರಳಿ ಬರಬೇಕು. ಹೆದರಿ ಮೈ ಬಿಗಿದುಕೊಂಡ ಸವಾರನಿಗೆ ಯಾವ ಟೈರೂ ಪೂರ್ತಿ ಸಹಾಯ ಮಾಡಲಾರದು. ತಿಂಗಳಿಗೆ ಎರಡಲ್ಲ, ಪ್ರತಿ ವಾರವೂ ಬೆಟ್ಟ ಹತ್ತುವವರಾಗಿದ್ದರೆ ಏಂಜೆಲ್ ಜಿಟಿ 2 ಅಥವಾ ರೋಡ್‌ಅಟ್ಯಾಕ್ 4 ಅನ್ನುತ್ತಿದ್ದೆ. ಇವುಗಳಲ್ಲಿ ಯಾವುದಾದರೂ ಮಾದರಿಯ ಹಿಂದಿನ ತಲೆಮಾರಿನ ಹೊಸ ಟೈರ್ ಕಡಿಮೆಗೆ ಸಿಕ್ಕರೆ, ತಯಾರಾದ ದಿನ ಹತ್ತಿರದ್ದಾಗಿದ್ದರೆ, ಅದನ್ನೂ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು.

ಹೆಸರಿನ ಕೊನೆಯಲ್ಲಿ "ಜಿಟಿ" ಅಂತ ಬರುವುದು ಗೊಂದಲ ಮಾಡುತ್ತದೆ. ಏಂಜೆಲ್ ಜಿಟಿಯಲ್ಲಿ ಅದು ಬರೀ ಹೆಸರು. ರೋಡ್ 6 ಜಿಟಿ, ಟಿ32 ಜಿಟಿಗಳಲ್ಲಿ ಹಾಗಲ್ಲ. ಅದು ಭಾರದ ಟೂರಿಂಗ್ ಬೈಕಿಗೆ ಮಾಡಿದ, ಒಳಗಿನ ಕಟ್ಟು ಬಿಗಿಯಾದ ಟೈರ್. ಯಾವಾಗಲೂ ಇಬ್ಬರು ಕೂತು ಪೆಟ್ಟಿಗೆ ತುಂಬಿಸಿ ಓಡುವ 280, 300 ಕೆ.ಜಿ. ಬೈಕಿಗೆ ಅದು ಸರಿ. ಒಬ್ಬರೇ ಓಡಿಸುವ ನಿಮ್ಮ 235 ಕೆ.ಜಿ. ಬೈಕಿಗೆ ಅದು ಮರದ ಹಾಗೆ ಅನ್ನಿಸುತ್ತದೆ. ಸಾಮಾನ್ಯ ರೋಡ್ 6 ಸಾಕು.

ಮುಂದೆ ಹೈಪರ್‌ಸ್ಪೋರ್ಟ್, ಹಿಂದೆ ಸ್ಪೋರ್ಟ್ ಟೂರಿಂಗ್ ಅನ್ನುವ ನಿಮ್ಮ ಯೋಚನೆ ಬೇಡ. ಹಿಂದಿನದು ಬೇಗ ಸವೆಯುತ್ತದೆ, ಮುಂದಿನದಕ್ಕೆ ಗ್ರಿಪ್ ಇರಲಿ ಅನ್ನುವ ಲೆಕ್ಕ ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ಆದರೆ ತಂಪಿನಲ್ಲಿ, ಮಳೆಯಲ್ಲಿ ಆಗುವುದೇನು? ಹಿಂದಿನದು ಬೇಗ ಹಿಡಿತಕ್ಕೆ ಬರುತ್ತದೆ, ಮುಂದಿನದು ಇನ್ನೂ ತಣ್ಣಗೇ ಇರುತ್ತದೆ. ಹಿಂದಿನ ಚಕ್ರ ಜಾರಿದರೆ ಬೈಕ್ ಒಮ್ಮೆ ಓಲಾಡುತ್ತದೆ, ನಿಮಗೆ ಆದಂತೆ ಉಳಿದುಕೊಳ್ಳಲು ಒಂದು ಅವಕಾಶ ಇರುತ್ತದೆ. ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಸಾಮಾನ್ಯವಾಗಿ ಆ ಅವಕಾಶ ಇಲ್ಲ. ಮೊದಲು ಹಿಡಿಯಬೇಕಾದದ್ದು ಮುಂದಿನದು. ಇನ್ನೊಂದು ಕಾರಣ, ಎರಡರ ದುಂಡು ಬೇರೆ. ಹೈಪರ್‌ಸ್ಪೋರ್ಟ್ ಮುಂದಿನ ಟೈರ್ ಸಾಮಾನ್ಯವಾಗಿ ಚೂಪು, ಬೇಗ ವಾಲುತ್ತದೆ. ಹಿಂದಿನದು ಅದರ ಜೊತೆ ಹೆಜ್ಜೆ ಹಾಕದಿದ್ದರೆ ಬೈಕ್ ತಿರುವಿನಲ್ಲಿ ತಡವರಿಸುತ್ತದೆ. ತಯಾರಕರು ಮುಂದು ಹಿಂದನ್ನು ಜೋಡಿಯಾಗಿಯೇ ಪರೀಕ್ಷೆ ಮಾಡಿರುತ್ತಾರೆ. ಜೋಡಿಯಾಗಿಯೇ ಹಾಕಿ. ನಿಮ್ಮ ಮುಂದಿನದು ಹೇಗೂ ಮೆಟ್ಟಿಲಾಗಿದೆ, ಅದನ್ನು ಉಳಿಸಿಕೊಳ್ಳುವ ಮಾತೇ ಇಲ್ಲ.

ಅಳತೆಯ ಬಗ್ಗೆ ಚುಟುಕಾಗಿ. ಬೈಕಿನ ಪುಸ್ತಕದಲ್ಲಿ ಇರುವುದನ್ನೇ ಹಾಕಿ. 180 ಮಿ.ಮೀ. ಅಗಲದ ಟೈರಿನ ಜಾಗಕ್ಕೆ 190ರದ್ದು ಹಾಕಿದರೆ ಗ್ರಿಪ್ ಜಾಸ್ತಿ ಅನ್ನುವವರು ಸಿಗುತ್ತಾರೆ. ರಿಮ್ಮಿನ ಅಗಲಕ್ಕೆ ಹೊಂದದ ಟೈರ್ ಹಿಸುಕಿಕೊಂಡು ಕೂರುತ್ತದೆ, ದುಂಡು ಕೆಡುತ್ತದೆ, ಬೈಕ್ ತಿರುಗುವುದು ಭಾರವಾಗುತ್ತದೆ. ಟೈರಿನ ಮೇಲೆ 73 ಡಬ್ಲ್ಯು ಅಂತ ಇದ್ದರೆ ಅದು ಹೊರುವ ಗರಿಷ್ಠ ಭಾರ 365 ಕೆ.ಜಿ., ವೇಗದ ಮಿತಿ ಗಂಟೆಗೆ 270 ಕಿ.ಮೀ. ಮುಂದಿನದರ 58 ಅಂದರೆ 236 ಕೆ.ಜಿ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಅಂಕಿಯ ಟೈರ್ ಮಾತ್ರ ಬೇಡ. ಹಾಗೇ ಡಾಟ್ (DOT) ಅನ್ನುವ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ನೋಡಿ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಬಿಸಿಲು ತಾಗದೆ ತಂಪಾದ ಜಾಗದಲ್ಲಿ ಇಟ್ಟಿದ್ದ ಟೈರ್ ಒಂದೆರಡು ವರ್ಷದ್ದಾದರೂ ಚಿಂತೆಯಿಲ್ಲ. ಐದು ವರ್ಷದ್ದಾದರೆ ನಾನು ಬೇಡ ಅನ್ನುತ್ತೇನೆ.

ಈಗ ಗಾಳಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಿಮ್ಮ ಮುಂದಿನ ಟೈರಿನ ಮೆಟ್ಟಿಲು ನನಗೆ ಇದನ್ನೇ ಹೇಳುತ್ತಿದೆ. ಬ್ರೇಕ್ ಹಾಕಿದಾಗಲೆಲ್ಲ ಮುಂದಿನ ಟೈರಿನ ಒಂದೊಂದು ಬಟನ್ನೂ ಬಾಗಿ, ಬಿಟ್ಟಾಗ ಉಜ್ಜಿಕೊಂಡು ಹಿಂದಕ್ಕೆ ಬರುತ್ತದೆ. ಬಟನ್ನಿನ ಒಂದು ಬದಿ ಜಾಸ್ತಿ ಸವೆದು ಮೆಟ್ಟಿಲಾಗುತ್ತದೆ. ಒಂದು ಮಟ್ಟಿಗೆ ಇದು ಎಲ್ಲ ಬೈಕಿನಲ್ಲೂ ಆಗುವುದೇ. ಕೈಯಾಡಿಸಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ತರಚಿದಂತೆ ಆಗುತ್ತದೆ. ಆದರೆ 6,500 ಕಿ.ಮೀ.ಗೇ ಕಣ್ಣಿಗೆ ಕಾಣುವಷ್ಟು ಮೆಟ್ಟಿಲು ಬಂದರೆ ಗಾಳಿ ಕಡಿಮೆ ಇತ್ತು ಅನ್ನುವ ಅನುಮಾನ ಮೊದಲು ಬರುತ್ತದೆ. ಮುಂದಿನ ಫೋರ್ಕಿನ ಡ್ಯಾಂಪಿಂಗ್, ಅಂದರೆ ಕುಲುಕಾಟ ತಡೆಯುವ ಶಕ್ತಿ, ಸೋತಿದೆಯೇನೋ ಅನ್ನುವುದು ಎರಡನೆಯ ಅನುಮಾನ. ಫೋರ್ಕಿನ ಎಣ್ಣೆ ಬದಲಾಯಿಸಿ ಎಷ್ಟು ಕಾಲ ಆಯಿತು ನೋಡಿ.

ನಿಮ್ಮಂಥ ಅಳತೆಯ ಬಹಳ ಬೈಕುಗಳಿಗೆ ಮುಂದೆ 36, ಹಿಂದೆ 42 ಪಿಎಸ್‌ಐ ಅಂತ ಇರುತ್ತದೆ. ನಿಮ್ಮ ಬೈಕಿನ ಚೈನ್ ಗಾರ್ಡ್ ಅಥವಾ ಸ್ವಿಂಗ್‌ಆರ್ಮ್ ಮೇಲಿನ ಚೀಟಿಯಲ್ಲಿ ಎಷ್ಟಿದೆಯೋ ಅದೇ ಅಂತಿಮ. ಟೈರಿನ ಗೋಡೆಯ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ಗಾಳಿ ಹೊಡೆಸುವ ಅಂಕಿ ಅಂದುಕೊಳ್ಳಬೇಡಿ. ಅಳೆಯುವುದು ಟೈರ್ ತಣ್ಣಗಿದ್ದಾಗ, ಬೆಳಗ್ಗೆ ಬೈಕ್ ಹೊರಗೆ ತೆಗೆಯುವ ಮೊದಲು. ಓಡಿ ಬಂದು ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುತ್ತದೆ. ಆಗ 42 ತೋರಿಸಿತು ಅಂತ ಸಮಾಧಾನಪಟ್ಟರೆ ನಿಜವಾಗಿ ಇರುವುದು 38 ಇರಬಹುದು. ಹವಾಮಾನವೂ ಸೇರಿಕೊಳ್ಳುತ್ತದೆ. ತಾಪ ಹತ್ತು ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡ ಸುಮಾರು ಒಂದೂವರೆಯಿಂದ ಎರಡು ಪಿಎಸ್‌ಐ ಇಳಿಯುತ್ತದೆ. ಬೇಸಿಗೆಯಲ್ಲಿ ಸರಿಯಾಗಿ ಇಟ್ಟ ಗಾಳಿ ಚಳಿಗಾಲಕ್ಕೆ ತಾನಾಗಿಯೇ ಕಡಿಮೆಯಾಗಿರುತ್ತದೆ.

ಗಾಳಿ ಕಡಿಮೆಯಾದರೆ ಗ್ರಿಪ್ ಜಾಸ್ತಿ ಅನ್ನುವ ಮಾತು ಟ್ರ್ಯಾಕಿನಿಂದ ಬಂದದ್ದು. ಅಲ್ಲಿ ಟೈರ್ ವಿಪರೀತ ಕಾಯುತ್ತದೆ, ಒತ್ತಡ ಬಹಳ ಏರುತ್ತದೆ, ಅದಕ್ಕೆ ತಕ್ಕಂತೆ ಕಡಿಮೆಯಿಂದ ಶುರು ಮಾಡುತ್ತಾರೆ. ರಸ್ತೆಯಲ್ಲಿ 30ಕ್ಕೆ ಇಳಿಸಿದರೆ ಟೈರಿನ ಮೈ ಜಾಸ್ತಿ ಬಾಗುತ್ತದೆ, ಒಳಗೆ ಬಿಸಿ ಹುಟ್ಟಿ ಬೇಗ ಸವೆಯುತ್ತದೆ. ಮಳೆಯಲ್ಲಂತೂ ಇಳಿಸಲೇಬೇಡಿ. ನೀರನ್ನು ಪಕ್ಕಕ್ಕೆ ಒತ್ತಿ ನೆಲ ಮುಟ್ಟಲು ಟೈರಿಗೆ ಒತ್ತಡ ಬೇಕು. ಗೆರೆಗಳು ಬಾಯಿ ತೆರೆದಿರಬೇಕು. ಗಾಳಿ ಕಡಿಮೆಯಾದರೆ ಟೈರ್ ಇನ್ನೂ ಕಡಿಮೆ ವೇಗದಲ್ಲೇ ನೀರಿನ ಮೇಲೆ ತೇಲುತ್ತದೆ. ಹೆಂಡತಿ ಜೊತೆ ಲಗೇಜು ಕಟ್ಟಿ ಹೊರಡುವ ದಿನ, ಪುಸ್ತಕದಲ್ಲಿ ಇಬ್ಬರಿಗೆ ಅಂತ ಬೇರೆ ಅಂಕಿ ಇದ್ದರೆ ಅದನ್ನು ಹಾಕಿ. ಹಿಂದಿನ ಶಾಕಿನ ಪ್ರಿಲೋಡನ್ನೂ, ಅಂದರೆ ಸ್ಪ್ರಿಂಗಿನ ಬಿಗಿಯನ್ನೂ, ಏರಿಸಿ. ಒಂದು ನಂಬಿಕಸ್ಥ ಗೇಜ್ ನಿಮ್ಮದೇ ಇರಲಿ. ಬೇರೆ ಬೇರೆ ಕಡೆ ಗಾಳಿ ಹೊಡೆಸಿದರೆ ಒಂದೊಂದು ಯಂತ್ರ ಒಂದೊಂದು ಲೆಕ್ಕ ಹೇಳುತ್ತದೆ.

ಸವೆತ ಕಡಿಮೆ ಮಾಡಲು ಇನ್ನೇನು ಮಾಡಬಹುದು? ವೇಗ ಒಂದು. ಹೆದ್ದಾರಿಯಲ್ಲಿ ಸ್ವಲ್ಪ ಇಳಿಸಿದರೂ ಹಿಂದಿನ ಟೈರಿನ ನಡುವಿಗೆ ದೊಡ್ಡ ಉಪಕಾರ, ಯಾಕೆಂದರೆ ವೇಗ ಏರಿದಂತೆ ಗಾಳಿಯ ತಡೆ ಬಹಳ ಬೇಗ ಏರುತ್ತದೆ. ಆ ತಡೆಯನ್ನು ತಳ್ಳುವ ಬಲವೆಲ್ಲ ಆ ಕಿರಿದಾದ ಪಟ್ಟಿಯ ಮೂಲಕವೇ ನೆಲಕ್ಕೆ ಹೋಗಬೇಕು. ಚೈನ್ ತೀರಾ ಸಡಿಲವಾಗಿದ್ದರೆ ಪ್ರತಿ ಸಲ ಆಕ್ಸಿಲರೇಟರ್ ತಿರುಗಿಸಿದಾಗ ಜಗ್ಗಿ ಬೀಳುವ ಪೆಟ್ಟು ಟೈರಿಗೇ. ಒರಟು ಜಲ್ಲಿ ಎದ್ದ ರಸ್ತೆ ಅರದಂತೆ ತಿನ್ನುತ್ತದೆ, ಅದಕ್ಕೆ ನೀವು ಏನೂ ಮಾಡಲಾಗದು. ಮುಂದಿನ ಟೈರಿನ ಒಂದು ಬದಿ ಮಾತ್ರ ಜಾಸ್ತಿ ಸವೆದಿದೆ ಅಂತ ಗಾಬರಿಯಾಗಿ ಬರುವವರಿದ್ದಾರೆ. ರಸ್ತೆಯ ಎಡಬದಿಯಲ್ಲಿ ಓಡಿಸುವ ದೇಶಗಳಲ್ಲಿ ಬಲ ತಿರುವು ದೊಡ್ಡದು, ಅದರಲ್ಲಿ ಜಾಸ್ತಿ ದೂರ, ಜಾಸ್ತಿ ವೇಗದಲ್ಲಿ ಹೋಗುತ್ತೇವೆ. ಜೊತೆಗೆ ನೀರು ಹರಿಯಲಿ ಅಂತ ರಸ್ತೆ ಅಂಚಿಗೆ ಇಳಿಜಾರಾಗಿರುತ್ತದೆ. ಹಾಗಾಗಿ ಬಲಬದಿ ಸ್ವಲ್ಪ ಮುಂಚೆ ಸವೆಯುತ್ತದೆ. ಬೈಕ್ ಡೊಂಕಾಗಿದೆ ಅಂತಲ್ಲ.

ಇಷ್ಟೆಲ್ಲ ಸರಿಯಾಗಿದ್ದರೆ ನಿಮ್ಮ ಬೈಕಿನಲ್ಲಿ ಸ್ಪೋರ್ಟ್ ಟೂರಿಂಗ್ ಹಿಂದಿನ ಟೈರ್ ಹತ್ತು ಸಾವಿರ ಕಿ.ಮೀ. ದಾಟಬೇಕು, ಹನ್ನೆರಡರ ತನಕ ಬಂದರೂ ನನಗೆ ಆಶ್ಚರ್ಯ ಇಲ್ಲ. ಮುಂದಿನದು ಸಾಮಾನ್ಯವಾಗಿ ಇನ್ನೂ ಜಾಸ್ತಿ ಬರುತ್ತದೆ. ಬರೀ ಟೂರಿಂಗಿಗೆ ಮಾಡಿದ ಟೈರುಗಳು ಇದಕ್ಕಿಂತ ಬಾಳುತ್ತವೆ, ಆದರೆ ನಿಮ್ಮ ಬೆಟ್ಟದ ರಸ್ತೆಯ ಸಂತೋಷ ಅದರಲ್ಲಿ ಸಿಗದು.

ಟೈರ್ ಮುಗಿಯಿತು ಅಂತ ಯಾವಾಗ ಅನ್ನಬೇಕು? ಗೆರೆಗಳ ತಳದಲ್ಲಿ ಟಿಡಬ್ಲ್ಯುಐ (TWI) ಅನ್ನುವ, ಸವೆತ ತೋರಿಸುವ ಚಿಕ್ಕ ಉಬ್ಬು ಇರುತ್ತದೆ. ಟ್ರೆಡ್ ಅದರ ಮಟ್ಟಕ್ಕೆ ಬಂದರೆ ಕಡೆಯ ಮಿತಿ. ಆ ತನಕ ಕಾಯಬೇಡಿ ಅನ್ನುವುದು ನನ್ನ ಮಾತು, ಯಾಕೆಂದರೆ ನಾನು ಒಮ್ಮೆ ಕಾದಿದ್ದೆ. ಬಹಳ ವರ್ಷದ ಹಿಂದೆ. ಹಿಂದಿನ ಟೈರ್ ಉಬ್ಬಿನ ಮಟ್ಟಕ್ಕೆ ಬಂದಿತ್ತು, ಇನ್ನೊಂದು ಪ್ರಯಾಣ ಆಗಲಿ ಅಂತ ಹೊರಟೆ. ಸಂಜೆ ಮಳೆ ಹಿಡಿಯಿತು. ರಸ್ತೆಯಲ್ಲಿ ನೀರು ನಿಂತ ಕಡೆ, ನೇರ ಹೋಗುತ್ತಿದ್ದಾಗಲೇ, ಹಿಂದಿನ ಚಕ್ರ ಪಕ್ಕಕ್ಕೆ ಹೋಯಿತು. ಎಂಜಿನ್ನಿನ ಸದ್ದು ಒಮ್ಮೆ ಏರಿತು, ಅಂದರೆ ಚಕ್ರ ನೀರಿನ ಮೇಲೆ ಸುತ್ತುತ್ತಿತ್ತು. ಬೀಳಲಿಲ್ಲ. ಆದರೆ ಪಕ್ಕದಲ್ಲಿ ಬರುತ್ತಿದ್ದ ಲಾರಿಯ ಚಕ್ರ ಎಷ್ಟು ಹತ್ತಿರ ಇತ್ತು ಅನ್ನುವುದು ಇವತ್ತಿಗೂ ಕಣ್ಣ ಮುಂದಿದೆ. ಒಣ ರಸ್ತೆಯಲ್ಲಿ ಬೆಳಗ್ಗೆಯಿಂದ ಅದೇ ಟೈರ್ ಚೆನ್ನಾಗಿಯೇ ಹಿಡಿದಿತ್ತು. ಸವೆದ ಟೈರ್ ಹೀಗೆ ನಂಬಿಸುತ್ತದೆ. ಈಗ ನಾನು ನಡುವೆ ಎರಡು ಮಿ.ಮೀ. ಉಳಿದಾಗ, ಮಳೆಗಾಲ ಹತ್ತಿರವಿದ್ದರೆ ಅದಕ್ಕೂ ಮುಂಚೆ, ಬದಲಾಯಿಸುತ್ತೇನೆ. ಆಳ ಉಳಿದಿದ್ದರೂ ನಡು ಚಪ್ಪಟೆಯಾಗಿ ತಿರುವಿನಲ್ಲಿ ಆ ಏಣು ಕೈಗೆ ತಿಳಿಯತೊಡಗಿದರೆ ಟೈರ್ ಮುಗಿದಂತೆಯೇ ಲೆಕ್ಕ. ಮೈಮೇಲೆ ಸಣ್ಣ ಬಿರುಕು ಕಂಡರೂ ಅಷ್ಟೆ.

ಪಂಕ್ಚರ್ ಆದರೆ ನಡುವಿನ ಸಣ್ಣ ತೂತಿಗೆ ಪ್ಲಗ್ ಹಾಕಿ ನಿಧಾನವಾಗಿ ಊರು ಸೇರಬಹುದು. ಹೆಗಲಿಗೋ ಗೋಡೆಗೋ ಆದದ್ದಕ್ಕೆ ರಿಪೇರಿ ಇಲ್ಲ.

ಹಾಕಿಸುವ ದಿನ ಪಕ್ಕದಲ್ಲೇ ನಿಂತು ನಾಲ್ಕು ವಿಷಯ ನೋಡಿಕೊಳ್ಳಿ. ಟೈರಿನ ಮೇಲಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿದೆಯಾ? ಮುಂದಿನ ಟೈರಿನ ಗೆರೆಗಳು ಹಿಂದಿನದಕ್ಕೆ ಎದುರು ದಿಕ್ಕಿಗಿರುವಂತೆ ಕಾಣಬಹುದು. ಅದು ತಪ್ಪಲ್ಲ, ಮುಂದಿನದಕ್ಕೆ ಮುಖ್ಯ ಬಲ ಬ್ರೇಕಿನದು, ಹಿಂದಿನದಕ್ಕೆ ಎಳೆತದ್ದು. ಬಾಣವನ್ನು ನಂಬಿ. ವಾಲ್ವ್ ಹೊಸದು ಹಾಕಿದರಾ? ಬ್ಯಾಲೆನ್ಸ್ ಮಾಡಿದರಾ? ಚಕ್ರ ಕಳಚಿದ್ದಾಗ ಬೇರಿಂಗಿಗೆ ಬೆರಳು ಹಾಕಿ ತಿರುಗಿಸಿ ನೋಡಿದರಾ, ಒರಟು ಅನ್ನಿಸಿದರೆ ಆಗಲೇ ಬದಲಾಯಿಸಿಬಿಡುವುದು ಸುಲಭ.

ಆಮೇಲೆ ಮೊದಲ 150 ಕಿ.ಮೀ. ಮೆಲ್ಲಗೆ. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ರಿಮ್ಮಿನಲ್ಲಿ ಇನ್ನೂ ಪೂರ್ತಿ ಕೂತಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಚಪ್ಪಟೆ ಟೈರಿಗೆ ಹೊಂದಿಕೊಂಡ ನಿಮ್ಮ ಕೈಗೆ ದುಂಡಗಿನ ಟೈರ್ ತೀರಾ ಬೇಗ ವಾಲಿದಂತೆ ಅನ್ನಿಸುತ್ತದೆ. ದಿನದಿನವೂ ಸ್ವಲ್ಪ ಸ್ವಲ್ಪ ಜಾಸ್ತಿ ವಾಲಿಸುತ್ತಾ ಹೆಗಲಿನ ತನಕ ಹೋಗಿ. ಟೈರ್ ಬಿಸಿ ಮಾಡಲು ಅತ್ತಿತ್ತ ಹಾವಿನಂತೆ ಓಡಿಸುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ. ನೇರ ರಸ್ತೆಯಲ್ಲಿ ಹಿಂದೆ ಮುಂದೆ ನೋಡಿಕೊಂಡು ಹದವಾಗಿ ಬ್ರೇಕ್ ಹಾಕಿ, ಹದವಾಗಿ ಎಳೆಯಿರಿ, ಅದರಿಂದ ಬಿಸಿ ಬೇಗ ಬರುತ್ತದೆ. ಹೆದ್ದಾರಿಯಿಂದ ಇಳಿಯುವ ನಿಮ್ಮ ಆ ತಿರುವಿನಲ್ಲಿ ಮಾತ್ರ, ಟೈರ್ ಯಾವುದೇ ಇರಲಿ, ಹೆಗಲು ತಣ್ಣಗಿದೆ ಅನ್ನುವುದನ್ನು ನೆನಪಿಟ್ಟುಕೊಂಡೇ ಇಳಿಯಿರಿ.

ಎರಡು ಸಾವಿರ ಕಿ.ಮೀ. ಆದ ಮೇಲೆ ಹಿಂದಿನ ಟೈರನ್ನು ಮತ್ತೆ ಮೂರು ಕಡೆ ಅಳೆದು, ಆ 0.7ರ ಜಾಗದಲ್ಲಿ ಎಷ್ಟು ಬಂತು ಅಂತ ನನಗೆ ಬರೆಯಿರಿ. ಮುಂದಿನದರ ಒಂದು ಫೋಟೋ ಕೂಡ ಕಳಿಸಿ. ಮೆಟ್ಟಿಲು ಮತ್ತೆ ಶುರುವಾಗಿದ್ದರೆ ಫೋರ್ಕ್ ಬಿಚ್ಚಿಸುವ ಮಾತು ಆಗ ಆಡೋಣ.